'ಕ್ರಿಸ್ಮಸ್ ಈವ್' ರೈಲಿಗಾಗಿ ಬರೆದ ಹಾಡಲ್ಲ

ಓದುಗರ ಪ್ರಶ್ನೆ: ಜಪಾನಿನ ಎಪ್ಪತ್ತು, ಎಂಬತ್ತರ ದಶಕದ ಪಾಪ್ ಹಾಡುಗಳನ್ನು ಯೂಟ್ಯೂಬಿನಲ್ಲಿ ಕೇಳುತ್ತಿರುತ್ತೇನೆ. ಯಾವ ಹಾಡಿನ ಬಗ್ಗೆ ಹುಡುಕಿದರೂ ಬಿಯರೋ, ಲಿಪ್‌ಸ್ಟಿಕ್ಕೋ, ರೈಲೋ, ಏನಾದರೊಂದು ಟೀವಿ ಜಾಹೀರಾತು ಜೊತೆಗೇ ಬರುತ್ತದೆ. ಇವೆಲ್ಲ ಜಾಹೀರಾತಿಗೆಂದೇ ಬರೆಸಿದ ಹಾಡುಗಳೇ?

ಉತ್ತರ: ಕೆಲವು ಹೌದು, ಹಲವು ಅಲ್ಲ. ಜಾಹೀರಾತಿಗೆ ಬರೆಸುವುದು ಬೇರೆ, ಇದ್ದ ಹಾಡನ್ನು ಜಾಹೀರಾತಿಗೆ ಬಳಸುವುದು ಬೇರೆ. ಇಷ್ಟು ತಿಳಿದರೆ ಸಾಕು. ಆದರೆ ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅದೇ ಹಾಡನ್ನು ಸಾಕ್ಷಿಗೆ ಕರೆತರುತ್ತದೆ: ಗಾಯಕ ತತ್ಸುರೊ ಯಮಾಶಿತಾ ಅವರ 'ಕ್ರಿಸ್ಮಸ್ ಈವ್'. ರೈಲ್ವೆ ಕಂಪನಿಯೊಂದು ದುಡ್ಡು ಕೊಟ್ಟು ಬರೆಸಿದ ಹಾಡು ಅದು ಎಂದು ಪಟ್ಟುಹಿಡಿಯುವವರಿದ್ದಾರೆ. ಎಷ್ಟು ಸಲ ಅಲ್ಲವೆಂದರೂ ಈ ಮಾತು ಸಾಯುತ್ತಿಲ್ಲ. ಈ ಬಾರಿ ಬೇರುಸಮೇತ ಕಿತ್ತುಬಿಡೋಣ.

ಮೊದಲು ತಾರೀಖು ನೋಡಿ. ಹಾಡು ಹೊರಬಂದದ್ದು 1983ರ ಜೂನ್‌ನಲ್ಲಿ, 'ಮೆಲೊಡೀಸ್' ಆಲ್ಬಮ್ಮಿನ ಕೊನೆಯ ಹಾಡಾಗಿ. ಅದೇ ಡಿಸೆಂಬರ್‌ನಲ್ಲಿ ಬಿಡಿ ರೆಕಾರ್ಡೂ ಬಂತು. ಅದನ್ನು ಬಳಸಿ ಟೀವಿ ಜಾಹೀರಾತು ಕೊಟ್ಟದ್ದು ಜೆಆರ್ ತೋಕಾಯ್ ಎಂಬ ರೈಲ್ವೆ ಕಂಪನಿ. ಆ ಕಂಪನಿ 1983ರಲ್ಲಿ ಇರಲೇ ಇಲ್ಲ. ಜಪಾನಿನ ಸರ್ಕಾರಿ ರೈಲ್ವೆಯನ್ನು ಒಡೆದು ಬೇರೆಬೇರೆ ಕಂಪನಿಗಳನ್ನಾಗಿ ಮಾಡಿದ್ದು 1987ರ ಏಪ್ರಿಲ್ 1ರಂದು. ಜಾಹೀರಾತು ಟೀವಿಯಲ್ಲಿ ಬಂದದ್ದು 1988ರ ಕೊನೆಗೆ. ಇನ್ನೂ ಹುಟ್ಟದ ಕಂಪನಿ ಹಾಡು ಬರೆಸುವುದಾದರೂ ಹೇಗೆ?

ಇಷ್ಟಕ್ಕೆ ಒಪ್ಪಿದವರು ಒಂದು ಹೆಜ್ಜೆ ಹಿಂದೆ ಸರಿದು ಇನ್ನೊಂದು ಮಾತು ತೆಗೆಯುತ್ತಾರೆ: ಹಾಡು ಮೊದಲೇ ಇದ್ದಿರಬಹುದು, ಆದರೆ ಅದನ್ನು ಕೇಳುವವರು ಯಾರೂ ಇರಲಿಲ್ಲ, ಜಾಹೀರಾತೇ ಜೀವ ಕೊಟ್ಟಿತು ಅಂತ. ಇದೂ ಅರ್ಧ ಸತ್ಯ. ಜಪಾನಿನಲ್ಲಿ ರೆಕಾರ್ಡ್ ಮಾರಾಟ ಲೆಕ್ಕಹಾಕುವ ಒರಿಕಾನ್ ವಾರದ ಪಟ್ಟಿಯ ಮೊದಲ ನೂರರೊಳಗೆ ಈ ಹಾಡು ಸತತ 30 ವರ್ಷ ಬಂದಿದೆ ಎಂದು 2016ರಲ್ಲಿ ಗಿನ್ನೆಸ್ ದಾಖಲೆ ಕೊಟ್ಟರು. ಆ ಲೆಕ್ಕ ಶುರುವಾಗುವುದು 1986ರಿಂದ, ಅಂದರೆ ಜಾಹೀರಾತಿಗಿಂತ ಎರಡು ವರ್ಷ ಮುಂಚೆ. ಪ್ರತಿ ಚಳಿಗಾಲ ಹುಡುಕಿ ಕೊಳ್ಳುವ ಜನ ಆಗಲೇ ಇದ್ದರು. ಜಾಹೀರಾತು ಮಾಡಿದ್ದು ಮುಂದಿನ ಕೆಲಸ: 1989ರ ಡಿಸೆಂಬರ್‌ನಲ್ಲಿ, ಹಾಡು ಹುಟ್ಟಿ ಆರು ವರ್ಷ ಕಳೆದ ಮೇಲೆ, ಅದನ್ನು ಮೊದಲ ಸ್ಥಾನಕ್ಕೆ ಏರಿಸಿತು.

ಇನ್ನು ಹಾಡನ್ನೇ ಕೇಳಿ. ಅದರಲ್ಲಿ ರೈಲಿಲ್ಲ, ನಿಲ್ದಾಣವಿಲ್ಲ. ರಾತ್ರಿ ಕಳೆಯುತ್ತಿದ್ದಂತೆ ಮಳೆ ಹಿಮವಾಗುತ್ತದೆ, ಅವಳು ಬರುವುದಿಲ್ಲವೆಂದು ಅವನಿಗೆ ಖಾತ್ರಿಯಾಗಿದೆ, ಅಷ್ಟೇ. ನಡುವೆ ವಾದ್ಯಗಳು ನಿಂತು, ಹಳೆಯ ಜರ್ಮನ್ ಸಂಗೀತಕಾರ ಪಾಖೆಲ್‌ಬೆಲ್‌ನ 'ಕ್ಯಾನನ್' ಎಂಬ ಕೃತಿ ಬರುತ್ತದೆ. ಅಲ್ಲಿ ಕೇಳುವ ಅಷ್ಟೂ ದನಿ ಯಮಾಶಿತಾ ಒಬ್ಬರದೇ, ಒಂದರ ಮೇಲೊಂದು ರೆಕಾರ್ಡ್ ಮಾಡಿ ಸೇರಿಸಿದ್ದು. ಈಗ ಜಾಹೀರಾತು ನೋಡಿ. 1988ರದ್ದರಲ್ಲಿ ನಟಿ ಎರಿ ಫುಕಾತ್ಸು ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ಕಾಯುತ್ತಾಳೆ. ಎಲ್ಲರೂ ಇಳಿದು ಹೋದ ಮೇಲೆ ಕಂಬದ ಮರೆಯಿಂದ ಹುಡುಗ ಉಡುಗೊರೆಯಲ್ಲಿ ಮುಖ ಮುಚ್ಚಿಕೊಂಡು ಹೊರಬರುತ್ತಾನೆ. 1989ರದ್ದರಲ್ಲಿ ನಟಿ ರಿಹೊ ಮಾಕಿಸೆ ಉಡುಗೊರೆ ಹಿಡಿದು ನಗೋಯಾ ನಿಲ್ದಾಣದಲ್ಲಿ ಓಡಿಬಂದು ಕಂಬದ ಹಿಂದೆ ಅವಿತುಕೊಳ್ಳುತ್ತಾಳೆ. ಹಾಡಿನಲ್ಲಿ ಬರಬೇಕಾದವರು ಬರುವುದಿಲ್ಲ, ಜಾಹೀರಾತಿನಲ್ಲಿ ಬಂದೇಬಿಡುತ್ತಾರೆ. ದುಡ್ಡು ಕೊಟ್ಟು ಬರೆಸುವ ರೈಲ್ವೆಯವರು ಪ್ರಯಾಣಿಕ ಬಾರದ ಹಾಡನ್ನು ಕೇಳಿ ಪಡೆಯುತ್ತಾರೆಯೇ? ಬರುತ್ತಾನೋ ಇಲ್ಲವೋ ಎಂಬ ತವಕವನ್ನು ಆ ದುಃಖದ ಹಾಡಿನಿಂದಲೇ ಪಡೆದುಕೊಂಡದ್ದು ಜಾಹೀರಾತು ಮಾಡಿದವರ ಜಾಣತನ.

ರೈಲ್ವೆಯ ಪ್ರಚಾರಕ್ಕೆಂದೇ ಹುಟ್ಟಿದ ಹಾಡು ಬೇಕೆಂದರೆ ಅದೂ ಇದೆ: ಮೊಮೊಎ ಯಮಾಗುಚಿ 1978ರಲ್ಲಿ ಹಾಡಿದ 'ಈ ಹಿ ತಾಬಿದಾಚಿ', ಶಿಂಜಿ ತಾನಿಮುರಾ ಬರೆದದ್ದು. ಅದರಲ್ಲೂ ರೈಲ್ವೆಯ ಹೆಸರು ಬರುವುದಿಲ್ಲ. ಜಾಹೀರಾತಿನ ಹಾಡು ಅಂದಾಕ್ಷಣ ನಮಗೆ ವಾಷಿಂಗ್ ಪೌಡರ್ ನಿರ್ಮಾ ನೆನಪಾಗುವುದರಿಂದ, ಸರಕಿನ ಹೆಸರು ಇದ್ದೇ ಇರಬೇಕು ಅಂದುಕೊಳ್ಳುತ್ತೇವೆ. ಜಪಾನಿನಲ್ಲಿ ಮೊದಲಿನಿಂದಲೂ ಹಾಗಿಲ್ಲ. 1951ರಲ್ಲಿ ರೇಡಿಯೋದಲ್ಲಿ ಬಂದ ಅವರ ಮೊದಲ ಜಾಹೀರಾತು ಹಾಡು ತೊರಿರೊ ಮಿಕಿ ಬರೆದದ್ದು, ಕ್ಯಾಮೆರಾ ಕಂಪನಿಗಾಗಿ. ಅದರಲ್ಲೇ ಕಂಪನಿಯ ಹೆಸರಿಲ್ಲ.

ಬರೆಸುವ ಪದ್ಧತಿ ಜೋರಾಗಿದ್ದದ್ದು ಸೌಂದರ್ಯವರ್ಧಕಗಳಲ್ಲಿ. ಶಿಸೈಡೊ, ಕಾನೆಬೊ ಎರಡೂ ಋತುವಿಗೊಂದು ಹಾಡು ಬಿಟ್ಟು ಪೈಪೋಟಿಗಿಳಿದವು. 1978ರ ಬೇಸಿಗೆಗೆ ಶಿಸೈಡೊದಿಂದ ಎಯ್ಕಿಚಿ ಯಾಜಾವಾ, ಕಾನೆಬೊದಿಂದ 'ಸರ್ಕಸ್' ಎಂಬ ಗಾಯನ ತಂಡ, ಎರಡೂ ಹಾಡು ಮೊದಲ ಸ್ಥಾನಕ್ಕೆ ಹೋದವು. ಆ ಶರತ್ಕಾಲದ ಶಿಸೈಡೊ ಘೋಷಣೆ 'ನಿನ್ನ ಕಣ್ಣು ಹತ್ತು ಸಾವಿರ ವೋಲ್ಟ್'. ತಕಾಒ ಹೊರಿಯುಚಿ ಹಾಡಿದ ಹಾಡಿನ ಶೀರ್ಷಿಕೆಯೂ ಅದೇ.

ಉಲ್ಟಾ ತಪ್ಪೂ ಇದೆ. ಯುಮಿ ಅರಾಯ್ ಅವರ 'ಯಾಸಾಶಿಸಾ ನಿ ತ್ಸುತ್ಸುಮಾರೆತಾ ನಾರಾ' ಹಾಡು 1989ರ 'ಕಿಕಿ' ಕಾರ್ಟೂನ್ ಸಿನಿಮಾದ್ದೇ ಎಂದು ನಂಬಿದವರು ಬಹಳ. ಅದು 1974ರ ಹಾಡು, ಫುಜಿಯಾ ಕಂಪನಿಯ ಮಿಠಾಯಿ ಜಾಹೀರಾತಿನಲ್ಲಿ ಬಂದದ್ದು.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕು. ಜಪಾನಿನ ಟೀವಿ ಜಾಹೀರಾತು ಬಹುಪಾಲು 15 ಸೆಕೆಂಡಿನದು. ಅಷ್ಟರಲ್ಲಿ ಹಾಡು ಯಾರದೆಂದು ಗೊತ್ತಾಗುವುದು ಪರದೆಯ ಮೂಲೆಯ ಪುಟ್ಟ ಅಕ್ಷರಗಳಿಂದ. 1983ರಲ್ಲಿ ಸಂಟೋರಿ ಬಿಯರ್ ಜಾಹೀರಾತಿನಲ್ಲಿ ಕಾರ್ಟೂನ್ ಪೆಂಗ್ವಿನ್ ಕ್ಲಬ್ಬಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಹಾಡುತ್ತಿತ್ತು, ಕೇಳುವ ಪೆಂಗ್ವಿನ್‌ಗಳು ಅಳುತ್ತಿದ್ದವು. ಮೊದಮೊದಲು ಗಾಯಕಿಯ ಹೆಸರು ಹಾಕಿರಲಿಲ್ಲ. ಯಾರ ದನಿ ಎಂದು ಜನ ವಿಚಾರಿಸತೊಡಗಿದರು. ಅದು ಸೇಕೊ ಮಾತ್ಸುದಾ, ಹಾಡು 'ಸ್ವೀಟ್ ಮೆಮೊರೀಸ್'. ರೆಕಾರ್ಡಿನ ಹಿಂಬದಿಯಲ್ಲಿದ್ದ ಹಾಡು ಆಮೇಲೆ ಮುಂಬದಿಗೆ ಬಂತು.

ಈಗಿನ ಜಾಹೀರಾತುಗಳಲ್ಲಿ ಹಳೆಯ ಹಾಡು ಬೇರೆ ದನಿಯಲ್ಲಿ ಕೇಳಿಸುವುದಕ್ಕೆ ಕಾರಣ ಹಕ್ಕುಗಳ ಲೆಕ್ಕಾಚಾರ. ಸಾಹಿತ್ಯ, ಸಂಗೀತ ಮಾಡಿದವರ ಒಪ್ಪಿಗೆ ಒಂದು, ಮೂಲ ರೆಕಾರ್ಡಿನ ಹಕ್ಕು ಇನ್ನೊಂದು, ಅದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಬಳಿ ಇರುತ್ತದೆ. ಹೊಸಬರಿಂದ ಹಾಡಿಸಿದರೆ ಎರಡನೆಯದು ಬೇಕಿಲ್ಲ. ಸಾಲು ಬದಲಿಸಬೇಕೆಂದರೆ ಅದಕ್ಕೂ ಬರೆದವರನ್ನು ಕೇಳಲೇಬೇಕು. ಹಾಗಾಗಿ ಹುಡುಕುವ ಮೊದಲು ಮೂಲೆಯ ಅಕ್ಷರ ನೋಡಿ. ಅಲ್ಲಿ ಬೇರೆ ಗಾಯಕರ ಹೆಸರಿದ್ದರೆ ನೀವು ಕೇಳಿದ ದನಿ ಹಳೆಯ ರೆಕಾರ್ಡಿನಲ್ಲಿ ಸಿಗುವುದಿಲ್ಲ.