‘ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಚೇಂಜ್ ಮಾಡಿಸೋಣ’ ಅಂದ್ರೆ ಕಳಿಸಬಹುದಾ?

ಪ್ರಶ್ನೆ: ಮಗ ಐಟಿಐ ಮುಗಿಸಿ ಮೂರು ವರ್ಷದಿಂದ ಉಡುಪಿಯಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದಾನೆ. ದುಬೈಯಲ್ಲಿ ಕೆಲಸ ರೆಡಿ ಇದೆ, ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಹೋದ ಮೇಲೆ ಕಂಪನಿಯವರೇ ವೀಸಾ ಹೊಡೆಸ್ತಾರೆ ಅಂತ ಏಜೆಂಟ್ ಹೇಳ್ತಿದ್ದಾರೆ. ಒಟ್ಟು 1 ಲಕ್ಷ 20 ಸಾವಿರ ಕೇಳ್ತಾರೆ. ಕಳಿಸಬಹುದಾ?

ಈ ಸಲ ಪ್ರಶ್ನೆ ಬಂದದ್ದು ಕಾಪುವಿನ ತಾಯಿಯೊಬ್ಬರಿಂದ. ಇದಕ್ಕೂ ಮೊದಲು ಶಿರ್ವದಿಂದ ಬಂದಿತ್ತು, ಅದಕ್ಕೂ ಮೊದಲು ದೇರಳಕಟ್ಟೆಯಿಂದ. ಊರು ಬೇರೆ ಬೇರೆ, ಏಜೆಂಟರ ಬಾಯಿಂದ ಬರುವ ಮಾತು ಮಾತ್ರ ಒಂದೇ.

ನೇರವಾಗಿ ಹೇಳಿಬಿಡುತ್ತೇನೆ. ಸ್ವಂತ ಖರ್ಚಿನಲ್ಲಿ ಕೆಲಸ ಹುಡುಕಲು ಹೋಗುವುದಾದರೆ ವಿಸಿಟ್ ವೀಸಾದಲ್ಲಿ ಹೋಗಬಹುದು. ‘ಕೆಲಸ ರೆಡಿ ಇದೆ’ ಎನ್ನುವ ಮಾತಿಗೆ ಲಕ್ಷ ಕೊಟ್ಟು ಹೋಗುವುದಾದರೆ ಬೇಡ. ಕೆಲಸ ನಿಜವಾಗಿ ರೆಡಿ ಇದ್ದರೆ, ಬಜಪೆಯಲ್ಲಿ ವಿಮಾನ ಹತ್ತುವ ಮೊದಲೇ ಕೆಲಸದ ವೀಸಾ ಕೈಗೆ ಬರಬೇಕು. ಅದನ್ನು ಕಳಿಸಲು ಕಂಪನಿಗೆ ಏನು ತೊಂದರೆ ಅಂತ ಏಜೆಂಟರನ್ನು ಒಮ್ಮೆ ಕೇಳಿ ನೋಡಿ. ಸರಿಯಾದ ಉತ್ತರ ಸಿಗುವುದು ಕಷ್ಟ.

ಏಜೆಂಟರಿಗೆ ವಿಸಿಟ್ ವೀಸಾ ಯಾಕೆ ಇಷ್ಟ ಅಂದ್ರೆ, ಅದಕ್ಕೆ ಪಾಸ್‌ಪೋರ್ಟ್ ಕಾಪಿ, ಫೋಟೊ, ರಿಟರ್ನ್ ಟಿಕೆಟ್, ಉಳಿಯುವ ಜಾಗದ ಕಾಗದ ಇದ್ದರೆ ಹೆಚ್ಚುಕಮ್ಮಿ ಸಾಕು. ಯಾವ ಟ್ರಾವೆಲ್ಸ್‌ನವರೂ ತೆಗೆದುಕೊಡುತ್ತಾರೆ. ಕೆಲಸದ ವೀಸಾಕ್ಕೆ ಹಾಗಲ್ಲ. ಅಲ್ಲಿ ನಿಜವಾದ ಕಂಪನಿ ಇರಬೇಕು, ಅದು ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕಿ ಫೀಸ್ ಕಟ್ಟಬೇಕು, ಸಂಬಳ ಇಷ್ಟು ಅಂತ ಬರೆದು ಸಹಿ ಮಾಡಬೇಕು.

ನಾನೂ 2007ರಲ್ಲಿ ಇದೇ ಮಾತು ನಂಬಿ ಹೋದವನು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗಿ ಆಗ ವರ್ಷವೂ ತುಂಬಿರಲಿಲ್ಲ. ಹಿಂದಿನವರ ಹಾಗೆ ಬಸ್ಸು ಹತ್ತಿ ಬೊಂಬಾಯಿಗೆ ಹೋಗಿ ಯಾರದೋ ರೂಮಿನಲ್ಲಿ ತಿಂಗಳುಗಟ್ಟಲೆ ಕಾಯುವುದು ತಪ್ಪಿತಲ್ಲಾ ಅಂತ ಮನೆಯವರಿಗೆಲ್ಲ ಖುಷಿ. ಹೋದ ಮರುದಿನವೇ ಒಂದು ಗೋಡೌನಿನಲ್ಲಿ ಸ್ಟೋರ್ ಕೀಪರ್ ಕೆಲಸಕ್ಕೆ ನಿಲ್ಲಿಸಿದರು. ನಲವತ್ತು ದಿನ ದುಡಿದೆ. ‘ವೀಸಾ ಪ್ರೊಸೆಸಿಂಗ್‌ನಲ್ಲಿ ಇದೆ, ಸಂಬಳ ಒಟ್ಟಿಗೆ ಕೊಡ್ತೇವೆ’ ಅಂದರು. ವಿಸಿಟ್ ವೀಸಾ ಮುಗಿಯುತ್ತಾ ಬಂದಾಗ ಕಿಶ್‌ಗೆ ಹೋಗಿ ಬಾ ಅಂತ ಟಿಕೆಟ್ ಕೈಗಿಟ್ಟರು.

ಕಿಶ್ ಅಂದ್ರೆ ಇರಾನಿನ ಒಂದು ದ್ವೀಪ. ದುಬೈಯಿಂದ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಆ ಕಾಲದಲ್ಲಿ ವೀಸಾ ಮುಗಿದವರೆಲ್ಲ ಅಲ್ಲಿಗೆ ಹೋಗಿ ಕೂತು ಹೊಸ ವೀಸಾಕ್ಕೆ ಕಾಯುತ್ತಿದ್ದರು. ನಾಲ್ಕು ಮಂಚದ ರೂಮಿನಲ್ಲಿ ಏಳು ಜನ ಇದ್ದೆವು. ಕೆಳಗೆ ಕೌಂಟರಿನಲ್ಲಿ ಫ್ಯಾಕ್ಸ್ ಯಂತ್ರ ಕಿರ್ರೆಂದರೆ ಸಾಕು, ಮೆಟ್ಟಿಲಿನ ಮೇಲೆ ಚಪ್ಪಲಿಗಳ ಸದ್ದು. ಹಾಳೆಯಲ್ಲಿ ಹೆಸರು ಬಂದವನು ಬ್ಯಾಗ್ ಕಟ್ಟುತ್ತಿದ್ದ, ಬಾರದವರು ವಾಪಸ್ ಮೇಲೆ ಹತ್ತುತ್ತಿದ್ದೆವು. ಬಂಟ್ವಾಳದ ಹುಡುಗನೊಬ್ಬನ ಹತ್ತಿರ ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಬಾಟಲಿ ಇತ್ತು. ಅಲ್ಲಿನ ತೆಳು ರೊಟ್ಟಿಗೆ ಅದನ್ನೇ ಹಚ್ಚಿಕೊಂಡು ಹತ್ತೊಂಬತ್ತು ದಿನ ಕಳೆದೆವು. ಕೊನೆಗೆ ಬಾಟಲಿಗೆ ಬಿಸಿನೀರು ಹಾಕಿ ಅಲ್ಲಾಡಿಸಿ, ಆ ರಸವನ್ನೂ ಬಿಡಲಿಲ್ಲ.

ವಾಪಸ್ ದುಬೈಗೆ ಬಂದು ಬೇರೆ ಕಂಪನಿಗೆ ಸೇರಿ ಒಂಬತ್ತು ವರ್ಷ ಇದ್ದೆ. ಆ ನಲವತ್ತು ದಿನದ ಸಂಬಳ ಮಾತ್ರ ಇವತ್ತಿಗೂ ಬಂದಿಲ್ಲ. ದೂರು ಕೊಡೋಣ ಅಂದ್ರೆ, ಕಾಗದದಲ್ಲಿ ನಾನು ಅಲ್ಲಿ ಕೆಲಸವೇ ಮಾಡಿಲ್ಲ, ಊರು ನೋಡಲು ಬಂದವನು!

ಕಿಶ್‌ನ ಕತೆ ಹಳೆಯದಾಯಿತು. ಉಳಿದದ್ದು ಹಳೆಯದಾಗಿಲ್ಲ. ವಿಸಿಟ್ ವೀಸಾದಲ್ಲಿ ಬಂದವರು ಅಲ್ಲೇ ಕೆಲಸ ಸಿಕ್ಕಿ ಸ್ಟೇಟಸ್ ಚೇಂಜ್ ಮಾಡಿಸಿಕೊಳ್ಳಲು, ಅಂದ್ರೆ ಕೆಲಸದ ವೀಸಾಕ್ಕೆ ಬದಲಾಗಲು, ಯುಎಇಯಲ್ಲಿ ಈಗಲೂ ದಾರಿ ಇದೆ. ಏಜೆಂಟ್ ಹೇಳುವುದರಲ್ಲಿ ಅಷ್ಟು ಸತ್ಯ. ಆದರೆ ಪರ್ಮಿಟ್ ಬರುವ ಮೊದಲು ಒಂದು ದಿನ ಕೆಲಸ ಮಾಡಿದರೂ ಅದು ಕಾನೂನಿಗೆ ವಿರುದ್ಧ. 2024ರ ತಿದ್ದುಪಡಿಯ ನಂತರ ಹಾಗೆ ದುಡಿಸಿದ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ತನಕ ದಂಡ. ದಂಡ ಕಂಪನಿಗೆ ತಾನೇ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಚೆಕಿಂಗ್ ಬಂದಾಗ ಹಿಂಬಾಗಿಲಿನಿಂದ ಓಡಬೇಕಾದವನು ನಿಮ್ಮ ಮಗ. ವೀಸಾ ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ಬೇರೆ. ತಿಂಗಳಾದರೆ 1,500. ಅದನ್ನು ಅವನೇ ಕಟ್ಟಬೇಕು.

ಹಾಗಾದರೆ ಏಜೆಂಟರ ಹತ್ತಿರ ಏನು ಕೇಳಬೇಕು? ಒಂದೇ ಕಾಗದ: ಆಫರ್ ಲೆಟರ್. ಕಂಪನಿಯ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿದ್ದಲ್ಲ, ಅದನ್ನು ಯಾರು ಬೇಕಾದರೂ ಮಾಡಬಹುದು. ಅಲ್ಲಿನ ಕಾರ್ಮಿಕ ಸಚಿವಾಲಯದ್ದು ಬೇಕು. ಊರಿನವರು ‘ಮಿನಿಸ್ಟ್ರಿ ಆಫರ್’ ಅಂತಾರಲ್ಲ, ಅದು. ಅದು ಅರೇಬಿಕ್ ಮತ್ತು ಇಂಗ್ಲಿಷ್‌ನಲ್ಲಿ ಇರುತ್ತದೆ, ಹಿಂದಿ ಅಥವಾ ಮಲಯಾಳಂನಲ್ಲೂ ಕೇಳಬಹುದು. ಅದರ ಮೇಲೊಂದು ನಂಬರ್ ಇರುತ್ತದೆ. ಆ ನಂಬರನ್ನು ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿ, ಅಸಲಿಯಾ ನಕಲಿಯಾ ಅಂತ ಮನೆಯಲ್ಲೇ ಕೂತು ನೋಡಬಹುದು. ಕಂಪನಿ ಫ್ರೀ ಝೋನಿನಲ್ಲಿದ್ದರೆ (ತನ್ನದೇ ಕಚೇರಿ ಇರುವ ಪ್ರತ್ಯೇಕ ವ್ಯಾಪಾರ ವಲಯ) ಮಾತ್ರ ಪರ್ಮಿಟ್ ಕೊಡುವುದು ಆ ಝೋನಿನ ಕಚೇರಿ, ಅಲ್ಲೇ ವಿಚಾರಿಸಬೇಕು.

ಕಾಗದ ಸಿಕ್ಕಿದರೆ ಮೊದಲು ‘ಬೇಸಿಕ್’ ಅನ್ನುವ ಸಾಲು ನೋಡಿ, ಅಂದ್ರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ. ಎಲ್ಲರೂ ಒಟ್ಟು ಮೊತ್ತ ನೋಡಿ ಸಹಿ ಹಾಕಿಬಿಡುತ್ತಾರೆ. 2,500 ದಿರ್ಹಮ್ ಸಂಬಳದಲ್ಲಿ ಬೇಸಿಕ್ 1,200 ಇರಬಹುದು, 2,000ವೂ ಇರಬಹುದು. ಎರಡರಲ್ಲೂ ತಿಂಗಳ ಕೊನೆಗೆ ಕೈಗೆ ಬರುವುದು ಅದೇ 2,500. ವ್ಯತ್ಯಾಸ ಗೊತ್ತಾಗುವುದು ಓವರ್‌ಟೈಮ್ ಲೆಕ್ಕ ಹಾಕುವಾಗ, ಆಮೇಲೆ ಕೆಲಸ ಬಿಡುವಾಗ. ಎರಡೂ ಬೇಸಿಕ್ ಮೇಲೆಯೇ ನಿಲ್ಲುತ್ತವೆ. ವರ್ಷ ತುಂಬಿಸಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಕೆಲಸ ಬಿಡುವಾಗ ಗ್ರಾಚ್ಯುಟಿ ಅಂತ ಸಿಗುತ್ತದೆ. 1,200 ಬೇಸಿಕ್ ಇದ್ದರೆ ವರ್ಷಕ್ಕೆ 840 ದಿರ್ಹಮ್ ಆಯಿತು, 2,000 ಇದ್ದರೆ 1,400. ನನ್ನ ಬೇಸಿಕ್ ಎಷ್ಟಿತ್ತು ಅಂತ ನನಗೆ ಗೊತ್ತಾದದ್ದು ಒಂಬತ್ತು ವರ್ಷ ಕಳೆದು ವೀಸಾ ಕ್ಯಾನ್ಸಲ್ ಮಾಡಿಸುವ ದಿನ. ನಗು ಬಂತು, ಏನು ಮಾಡುವುದು.

ಇನ್ನು ಆ 1 ಲಕ್ಷ 20 ಸಾವಿರ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸಕ್ಕೆ ಸೇರಿಸಿಕೊಳ್ಳುವ ಖರ್ಚನ್ನು ನೌಕರನ ತಲೆಗೆ ಕಟ್ಟುವ ಹಾಗಿಲ್ಲ, ನೇರವಾಗಿಯೂ ಇಲ್ಲ, ಸುತ್ತಿಬಳಸಿಯೂ ಇಲ್ಲ. ನಮ್ಮ ಸರ್ಕಾರದ ನಿಯಮದಲ್ಲಿ ನೋಂದಣಿ ಇರುವ ಏಜೆಂಟ್ ಸೇವಾ ಶುಲ್ಕ ಅಂತ ಜಾಸ್ತಿ ಅಂದ್ರೆ 30,000 ರೂಪಾಯಿ ತೆಗೆದುಕೊಳ್ಳಬಹುದು. ಜಿಎಸ್‌ಟಿ ಸೇರಿಸಿದರೆ 35,400. ಅದಕ್ಕೂ ರಸೀದಿ ಕೊಡಬೇಕು. ನೋಂದಣಿ ಇದೆಯಾ ಇಲ್ಲವಾ ಅನ್ನುವುದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹುಡುಕಿದರೆ ತಿಳಿಯುತ್ತದೆ. ಟಿಕೆಟ್ ಮಾರುವ ಲೈಸೆನ್ಸ್ ಬೇರೆ, ಕೆಲಸಕ್ಕೆ ಜನ ಕಳಿಸುವ ಲೈಸೆನ್ಸ್ ಬೇರೆ. ಗೋಡೆಯಲ್ಲಿ ಫ್ರೇಮ್ ಹಾಕಿಟ್ಟದ್ದು ಯಾವುದು ಅಂತ ಎದ್ದು ಹೋಗಿ ಓದಿ, ನಾಚಿಕೆ ಬೇಡ.

ನಿಮ್ಮ ಮಗ ಐಟಿಐ ಮಾಡಿದವನು, ಎಸ್ಸೆಸ್ಸೆಲ್ಸಿ ಪಾಸ್ ಆಗಿದ್ದರೆ ಅವನ ಪಾಸ್‌ಪೋರ್ಟಿಗೆ ಇಸಿಆರ್ (ಎಮಿಗ್ರೇಷನ್ ಚೆಕ್ ಬೇಕು ಅನ್ನುವ ಗುರುತು) ತಲೆನೋವು ಇರಲಿಕ್ಕಿಲ್ಲ. ಹತ್ತನೇ ಪಾಸ್ ಆಗದೆ ಇಸಿಆರ್ ಇರುವವರು ಗಲ್ಫ್ ದೇಶಗಳು ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯೂ ಆಗುತ್ತದೆ. ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ. ವಿಸಿಟ್ ವೀಸಾದಲ್ಲಿ ನುಸುಳಿ ಹೋದವನಿಗೆ ಇದು ಯಾವುದೂ ಇಲ್ಲ. ನಾಳೆ ಏನಾದರೂ ಆದರೆ ಅವನು ಕೆಲಸಕ್ಕೆ ಹೋಗಿದ್ದ ಅನ್ನುವುದಕ್ಕೆ ಇಲ್ಲೂ ದಾಖಲೆ ಇಲ್ಲ, ಅಲ್ಲೂ ಇಲ್ಲ.

ದುಬೈಯ ಈ ಮಾತನ್ನು ಸೌದಿಗೆ ಅನ್ವಯಿಸಬೇಡಿ. ಅಲ್ಲಿ ವಿಸಿಟ್ ವೀಸಾವನ್ನು ಕೆಲಸದ ವೀಸಾ ಮಾಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ‘ಆಜಾದ್ ವೀಸಾ’, ‘ಫ್ರೀ ವೀಸಾ’ ಇದೆ, ಯಾರ ಹತ್ತಿರ ಬೇಕಾದರೂ ದುಡಿಯಬಹುದು ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ಹೆಸರಿನ ವೀಸಾ ಯಾವ ಸರ್ಕಾರವೂ ಕೊಡುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಹುಡುಗ ಹೋಗಿಯೇ ಹುಡುಕುತ್ತೇನೆ ಅಂದರೆ ತಡೆಯಬೇಡಿ. ಕೈಯಲ್ಲಿ ಒಳ್ಳೆಯ ಕಸುಬು ಇದೆ. ಏಜೆಂಟ್ ಬಿಟ್ಟು, ಎರಡು ತಿಂಗಳ ವಿಸಿಟ್ ವೀಸಾ, ರಿಟರ್ನ್ ಟಿಕೆಟ್, ಬೆಡ್ ಸ್ಪೇಸ್ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ) ಬಾಡಿಗೆ ಮತ್ತು ಊಟಕ್ಕೆ ದುಡ್ಡು ಇಟ್ಟುಕೊಂಡು ಹೋಗಲಿ. ನಂಟರೋ ಸ್ನೇಹಿತರೋ ಅಲ್ಲಿ ಇದ್ದೇ ಇರುತ್ತಾರೆ, ಕರಾವಳಿಯವರಿಗೆ ಅದೊಂದು ಭಾಗ್ಯ. ಬೇರೆ ಕೆಲಸದವರಿಗೆ ನಾನು ಬೇಸಿಗೆ ಬೇಡ ಅನ್ನುತ್ತೇನೆ. ಎಸಿ ಮೆಕ್ಯಾನಿಕ್‌ಗೆ ಮಾತ್ರ ಬೇಸಿಗೆಯೇ ಸೀಸನ್! ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅನ್ನುವ ನಿಯಮ ಇದೆ ಅಂತ ಅವನಿಗೆ ಗೊತ್ತಿರಲಿ. ಟೆರೇಸಿನ ಮೇಲೆ ಹತ್ತುವವನು ಅವನು ತಾನೇ.

ಮತ್ತೊಂದು ವಿಷಯ, ಇದು ಅಮ್ಮನಿಗೆ. ಬ್ಯಾಗಿನಲ್ಲಿ ಕುಚ್ಚಲಕ್ಕಿ ಹಾಕಿ, ಉಪ್ಪಿನಕಾಯಿ ಹಾಕಿ. ಗಸಗಸೆ ಮಾತ್ರ ಬೇಡ, ಗಸಗಸೆ ಹುರಿದು ಹಾಕಿದ ಮಸಾಲೆ ಪುಡಿಯೂ ಬೇಡ. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಅಫೀಮಿನ ಬೀಜ. ಸಿಕ್ಕಿಬಿದ್ದರೆ ಜೈಲು. ನಿಮ್ಮ ಮನೆಯ ಕೋರಿ ಪುಡಿಗೆ (ಕೋಳಿ ಸಾರಿನ ಮಸಾಲೆ) ಏನೇನು ಹಾಕುತ್ತೀರಿ ಅಂತ ಕಟ್ಟುವ ಮೊದಲು ಒಮ್ಮೆ ನೆನಪು ಮಾಡಿಕೊಳ್ಳಿ.