ಎಡವಿದ ಗಾಯಕನಿಗೆ ವಾಪಸ್ ಬರುವ ದಾರಿ ಯಾವುದು? ಗಾಸ್ಪೆಲ್ ಲೋಕದ ಹಳೆಯ ಗೋಜಲು

ಅಮೆರಿಕದಲ್ಲಿ ಗಾಸ್ಪೆಲ್, ಅಂದರೆ ಕ್ರೈಸ್ತ ಭಕ್ತಿಗೀತೆ ಹಾಡುವ ಗಾಯಕರೊಬ್ಬರು ಎಡವಿದ ಸುದ್ದಿ ಬಂದಾಗಲೆಲ್ಲ ಅದೇ ಜಗಳ ಶುರುವಾಗುತ್ತದೆ. ಇನ್ನು ಅವರ ಹಾಡು ಕೇಳಬಹುದಾ? ಚರ್ಚ್‌ಗೆ ಕರೆಯಬಹುದಾ? ತಪ್ಪಾಯ್ತು ಅಂದರೆ ಎಲ್ಲಾ ಮುಗಿಯಿತಾ? ಸ್ವಲ್ಪ ಹೊತ್ತಿಗೆ ಯಾರಾದರೂ ಗಾಸ್ಪೆಲ್ ಗಾಯಕ ಮೈಕಲ್ ಇಂಗ್ಲಿಷ್ ಹೆಸರು ಎತ್ತುತ್ತಾರೆ. ಅವರ ಸುತ್ತ 30 ವರ್ಷಗಳಿಂದ ಎಷ್ಟು ಮಾತು ಬೆಳೆದಿದೆ ಎಂದರೆ, ಆಗಿದ್ದೇನು ಅನ್ನುವುದೇ ಅದರಡಿ ಮುಚ್ಚಿಹೋಗಿದೆ.

ಚರ್ಚ್ ಒಳಗಿನ ಹಾಡು, ಚರ್ಚ್ ಹೊರಗಿನ ಹಾಡು ಎಂಬ ಗೆರೆ ಮೊದಲಿನಿಂದಲೂ ಇತ್ತು. ಬ್ಲೂಸ್ ನುಡಿಸುತ್ತಿದ್ದ ಥಾಮಸ್ ಡಾರ್ಸಿ 1930ರ ದಶಕದಲ್ಲಿ ಅದೇ ವರಸೆಯನ್ನು ಶಿಕಾಗೊದ ಚರ್ಚ್‌ಗಳಿಗೆ ತಂದರು. ಮೊದಲು ಎಷ್ಟೋ ಕಡೆ ಬೇಡ ಅಂದರು, ಆಮೇಲೆ ಗಾಸ್ಪೆಲ್ ಪಿತಾಮಹ ಅಂದರು. 1957ರ ಹೊತ್ತಿಗೆ ಸ್ಯಾಮ್ ಕುಕ್ ಗಾಸ್ಪೆಲ್ ಬಿಟ್ಟು ಪಾಪ್‌ಗೆ ಹೋದರು. ಆಲ್ ಗ್ರೀನ್ 1976ರಲ್ಲಿ ಮೆಂಫಿಸ್‌ನಲ್ಲಿ ಚರ್ಚ್ ಶುರು ಮಾಡಿ ಪಾಸ್ಟರ್ ಆದರು. ಇವೆಲ್ಲ ಗೆರೆ ದಾಟಿದವರ ಕಥೆ. ಗೆರೆಯ ಒಳಗೇ ಇದ್ದು ಎಡವಿದವರ ಪ್ರಶ್ನೆ ಜೋರಾಗಿ ಎದ್ದಿದ್ದು 1980ರ ದಶಕದ ಕೊನೆಗೆ.

ಅದಕ್ಕೆ ಕಾರಣ ಗಾಯಕರಲ್ಲ, ಟಿವಿ ಬೋಧಕರು. 1987ರಲ್ಲಿ ಜಿಮ್ ಬೇಕರ್ ಹಗರಣ. ಮರುವರ್ಷ ಫೆಬ್ರವರಿಯಲ್ಲಿ ಜಿಮ್ಮಿ ಸ್ವ್ಯಾಗರ್ಟ್ ಕ್ಯಾಮೆರಾ ಮುಂದೆ ಅಳುತ್ತಾ ಪಾಪ ಒಪ್ಪಿಕೊಂಡರು. ಅವರ ಪಂಗಡವಾದ ಅಸೆಂಬ್ಲೀಸ್ ಆಫ್ ಗಾಡ್, ಕನಿಷ್ಠ ಒಂದು ವರ್ಷ ಬೋಧನೆ ಮಾಡಬೇಡಿ, ಎರಡು ವರ್ಷ ಮೇಲ್ವಿಚಾರಣೆಯಲ್ಲಿರಿ ಎಂದಿತು. ಅವರು ಒಪ್ಪಲಿಲ್ಲ, ಏಪ್ರಿಲ್‌ನಲ್ಲಿ ಪಂಗಡ ಅವರನ್ನು ಹೊರಹಾಕಿತು. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಬೋಧಕ ತಪ್ಪು ಮಾಡಿದರೆ ಅಲ್ಲೊಂದು ಕ್ರಮ ಇತ್ತು. ಇಷ್ಟು ದಿನ ದೂರ ಇರು, ಇಂಥವರಿಗೆ ಉತ್ತರ ಕೊಡು, ಆಮೇಲೆ ಬಾ. ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟಿದ್ದು, ಆದರೆ ದಾರಿ ಇತ್ತು.

ಗಾಯಕನಿಗೆ ಅಂಥ ದಾರಿಯೇ ಇರಲಿಲ್ಲ. ಅವನು ಪಾಸ್ಟರ್ ಅಲ್ಲ, ಆದರೆ ಜನ ಪಾಸ್ಟರ್ ಹಾಗೇ ನೋಡುತ್ತಾರೆ. ಅವನ ಮೇಲೆ ಕಣ್ಣಿಟ್ಟಿರುವುದು ರೆಕಾರ್ಡ್ ಕಂಪನಿ, ಕ್ರಿಶ್ಚಿಯನ್ ರೇಡಿಯೋ ಮತ್ತು ಕ್ರಿಶ್ಚಿಯನ್ ಪುಸ್ತಕದಂಗಡಿ. ಆಗ ಈ ಹಾಡುಗಳ ಕ್ಯಾಸೆಟ್, ಸಿಡಿ ಜಾಸ್ತಿ ಮಾರಾಟವಾಗುತ್ತಿದ್ದುದು ಅಂಥ ಅಂಗಡಿಗಳಲ್ಲೇ, ಬೈಬಲ್ ಮತ್ತು ಪ್ರಾರ್ಥನೆ ಪುಸ್ತಕಗಳ ಪಕ್ಕದಲ್ಲೇ. ಪೋಸ್ಟರ್‌ನಲ್ಲಿರುವ ಗಾಯಕನ ಬಗ್ಗೆ ನಾಲ್ಕು ಗಿರಾಕಿಗಳು ಬೇಜಾರು ಮಾಡಿಕೊಂಡರೆ ಅಂಗಡಿಯವರು ಆ ಸರಕು ಇಳಿಸಿಬಿಡುತ್ತಿದ್ದರು. ಅವರನ್ನು ದೂರಿ ಉಪಯೋಗವಿಲ್ಲ, ಅವರಿಗೂ ಅದೇ ಹೊಟ್ಟೆಪಾಡು. ಇದೇ ಹೊತ್ತಿಗೆ ದೊಡ್ಡ ದುಡ್ಡೂ ಬಂತು. 1992ರಲ್ಲಿ ಕ್ರಿಶ್ಚಿಯನ್ ಹಾಡುಗಳ ಸ್ಪ್ಯಾರೋ ಕಂಪನಿಯನ್ನು ರೆಕಾರ್ಡ್ ಕಂಪನಿ ಇಎಂಐ ಕೊಂಡಿತು, ಅಂಥದ್ದೇ ವರ್ಡ್ ಕಂಪನಿಯನ್ನು ಬೈಬಲ್ ಪ್ರಕಾಶಕ ಥಾಮಸ್ ನೆಲ್ಸನ್ ಕೊಂಡಿತು. ವಾರ್ನರ್ ಬ್ರದರ್ಸ್‌ಗೆ ವಾರ್ನರ್ ಅಲಯನ್ಸ್ ಎಂಬ ಕ್ರಿಶ್ಚಿಯನ್ ವಿಭಾಗವೇ ಇತ್ತು. ಮೈಕಲ್ ಹಾಡುತ್ತಿದ್ದುದು ಅಲ್ಲಿ.

ನಾರ್ತ್ ಕೆರೊಲಿನಾದಿಂದ ಬಂದ ಅವರು 1980ರ ದಶಕದ ನಡುವಿನಿಂದ ಹಿರಿಯ ಗಾಯಕ ಬಿಲ್ ಗೇಥರ್ ಅವರ ಗುಂಪಾದ ಗೇಥರ್ ವೋಕಲ್ ಬ್ಯಾಂಡ್‌ನಲ್ಲಿದ್ದರು. 1991ರಲ್ಲಿ ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಆ ಗುಂಪಿನ ರೆಕಾರ್ಡಿಂಗ್ ಮುಗಿದ ಮೇಲೆ ಹಳೆ ತಲೆಮಾರಿನ ಗಾಯಕರು ಮನೆಗೆ ಹೋಗದೆ ಪಿಯಾನೋ ಸುತ್ತ ಸೇರಿಕೊಂಡರು. ಸುಮ್ನೆ ಹಾಡುತ್ತಾ, ಹಳೆ ಕಥೆ ಹೇಳುತ್ತಾ ನಿಂತರು. ಕ್ಯಾಮೆರಾ ಓಡುತ್ತಲೇ ಇತ್ತು. ಹೋಮ್‌ಕಮಿಂಗ್ ವಿಡಿಯೋ ಸರಣಿ ಹುಟ್ಟಿದ್ದು ಹಾಗೆ. ಅದೇ ವರ್ಷ ಮೈಕಲ್‌ರ ಮೊದಲ ಸ್ವಂತ ಆಲ್ಬಮ್ ಬಂತು. 1992ರಿಂದ ಮೂರು ವರ್ಷ ಸತತವಾಗಿ ಗಾಸ್ಪೆಲ್ ಸಂಗೀತದ ಡವ್ ಪ್ರಶಸ್ತಿಗಳಲ್ಲಿ ಅವರೇ ವರ್ಷದ ಗಾಯಕ. 1994ರ ಏಪ್ರಿಲ್ ಕೊನೆಯಲ್ಲಿ ವರ್ಷದ ಕಲಾವಿದ ಗೌರವವೂ ಸಿಕ್ಕಿತು.

ಸುಮಾರು ಒಂದು ವಾರ ಕಳೆಯಿತು, ಅಷ್ಟೇ. ತನಗೂ ಇನ್ನೊಬ್ಬ ಗಾಯಕಿಗೂ ಸಂಬಂಧವಿತ್ತು ಎಂದು ಮೈಕಲ್ ಒಪ್ಪಿಕೊಂಡರು. ಇಬ್ಬರಿಗೂ ಮದುವೆಯಾಗಿತ್ತು. ತಮ್ಮ ಡವ್ ಪ್ರಶಸ್ತಿಗಳನ್ನು ಅವರು ವಾಪಸ್ ಕೊಟ್ಟರು. ಕಂಪನಿ ಅವರ ಆಲ್ಬಮ್‌ಗಳ ಮಾರಾಟ ನಿಲ್ಲಿಸಿತು. ಗುಂಪಿನಲ್ಲಿದ್ದ ಜಾಗವೂ ಹೋಯಿತು. ಎರಡು ಮನೆಯವರಿಗೆ ಆದ ನೋವು ಸಣ್ಣದಲ್ಲ, ಇದನ್ನು ಬರೀ ಒಬ್ಬ ಗಾಯಕನ ಕಥೆಯಾಗಿ ಹೇಳುವಾಗ ಅದು ಮರೆತುಹೋಗುತ್ತದೆ. ಅವರು ಮಾಡಿದ್ದು ತಪ್ಪು, ವೇದಿಕೆ ಬಿಟ್ಟಿದ್ದೂ ಸರಿಯೇ. ಆದರೆ ಮುಂದೇನು ಅನ್ನುವುದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಹೊರಗೆ ಕಳಿಸಲು ಒಂದು ವಾರ ಸಾಕಾಯಿತು. ಯಾವಾಗ, ಯಾರನ್ನು ಕೇಳಿ ವಾಪಸ್ ಬರಬೇಕು ಅಂತ ಹೇಳುವವರು ಮಾತ್ರ ಸಿಗಲಿಲ್ಲ.

ಅವರು ಕರ್ಬ್ ರೆಕಾರ್ಡ್ಸ್ ಸೇರಿ ಹೊರಗಿನ ಹಾಡು ಹಾಡಿದರು. ಕಂಟ್ರಿ ಗಾಯಕಿ ವೈನೋನಾ ಜಡ್ ಜೊತೆ ಒಂದು ಯುಗಳಗೀತೆಯೂ ಬಂತು. ಹಳೆ ಕೇಳುಗರಲ್ಲಿ ಕೆಲವರಿಗೆ ಅದೂ ತಪ್ಪಾಗಿ ಕಂಡಿತು. ಪಾಪ, ಹಾಡೇ ಕಸುಬಾದವನು ಇನ್ನೇನು ಮಾಡಬೇಕು? ನೋವಿನ ಮಾತ್ರೆಗಳ ಚಟ ಅವರನ್ನು ಹಿಂಡಿದ್ದೂ ಆ ವರ್ಷಗಳಲ್ಲೇ. 2000ದಲ್ಲಿ ಕ್ರಿಶ್ಚಿಯನ್ ಆಲ್ಬಮ್‌ನೊಂದಿಗೆ ಮರಳಿದರು, ಚಟ ಅಷ್ಟಕ್ಕೇ ಬಿಡಲಿಲ್ಲ. ಜನ ಸಾಮಾನ್ಯವಾಗಿ ಹೇಳುವ ಕಥೆಯಲ್ಲಿ ಬಿದ್ದರು, ಎದ್ದರು, ಮುಗಿಯಿತು. ನಿಜವಾಗಿ ಅವರು ಎದ್ದು, ಮತ್ತೆ ಜಾರಿ, ಮತ್ತೆ ಎದ್ದವರು. ಚಟ ಕಂಡ ಯಾವ ಮನೆಯವರಿಗೂ ಇದು ಗೊತ್ತು.

ಇದೇ ಕಾಲದ ಇನ್ನೊಂದು ಉದಾಹರಣೆ ಪಕ್ಕದಲ್ಲಿಟ್ಟು ನೋಡಬೇಕು. ಸ್ಯಾಂಡಿ ಪ್ಯಾಟಿ 1982ರಿಂದ 1992ರವರೆಗೆ ಸತತ 11 ಸಲ ಡವ್‌ನ ವರ್ಷದ ಗಾಯಕಿ. 1995ರಲ್ಲಿ ಮದುವೆಯಾಚೆಗಿನ ಅವರ ಹಳೆಯ ಸಂಬಂಧದ ವಿಷಯ ಹೊರಬಂತು. ಆದರೆ ಅವರ ಹಿಂದೆ ಇಂಡಿಯಾನಾದ ಆಂಡರ್ಸನ್ ಊರಿನ ಒಂದು ಚರ್ಚ್ ಸಭೆ ಇತ್ತು. ಅವರು ಆ ಸಭೆಯ ಮುಂದೆ ತಪ್ಪೊಪ್ಪಿಕೊಂಡರು, ಅದರ ಶಿಸ್ತಿಗೆ ಒಳಪಟ್ಟರು. ಹಿಂದಿನ ಸಾಲಿನಲ್ಲಿ ಕೂತು ಬಂದ ಆ ದಿನಗಳ ಬಗ್ಗೆ ಆಮೇಲೆ ಅವರೇ ಬರೆದರು. 2004ರಲ್ಲಿ ಗಾಸ್ಪೆಲ್ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೂ ಸೇರಿದರು. ಅವರಿಗೂ ನಷ್ಟವಾಯಿತು, ಟೀಕೆ ಬಂತು. ಆದರೂ ತಪ್ಪಿಗೆ ಉತ್ತರ ಕೇಳುವವರು ಯಾರು, ಜೊತೆಗಿರುವವರು ಯಾರು ಅನ್ನುವುದು ಅವರಿಗೆ ಗೊತ್ತಿತ್ತು. ವ್ಯತ್ಯಾಸ ಇರುವುದು ಅಲ್ಲೇ, ತಪ್ಪಿನ ತೂಕದಲ್ಲಲ್ಲ.

ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ತಪ್ಪಿಹೋದ ಮಗನನ್ನು ದೂರದಲ್ಲೇ ಕಂಡು ತಂದೆ ಓಡಿಬರುತ್ತಾನೆ. ಗಾಸ್ಪೆಲ್ ಹಾಡುಗಳಲ್ಲಿ ಈ ಕಥೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಮೈಕಲ್ 2007ರಲ್ಲಿ ಬರೆದ ಆತ್ಮಕಥೆಗೆ ಇಟ್ಟ ಹೆಸರೂ ಅದರಿಂದಲೇ ಬಂದದ್ದು. 2009ರ ಜನವರಿಯಲ್ಲಿ ಬಿಲ್ ಗೇಥರ್ ಅವರನ್ನು ಗುಂಪಿಗೆ ವಾಪಸ್ ಸೇರಿಸಿಕೊಂಡರು. ಹಳೆ ಜೊತೆಗಾರ ಮಾರ್ಕ್ ಲೌರಿಯೂ ಬಂದರು. ಮೈಕಲ್ ಆ ಗುಂಪು ಬಿಟ್ಟು ಸುಮಾರು 15 ವರ್ಷವಾಗಿತ್ತು. 2013ರವರೆಗೂ ಮೈಕಲ್ ಅಲ್ಲೇ ಹಾಡಿದರು, ಆಮೇಲೆ ಸ್ವಂತ ಹಾದಿ ಹಿಡಿದರು.

ಇದನ್ನು ಗಾಸ್ಪೆಲ್ ಲೋಕದ ಕ್ಷಮೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅದು ಒಬ್ಬ ಹಿರಿಯರು ಮನಸ್ಸು ಮಾಡಿದ್ದರಿಂದ ಆದದ್ದು. ತಮ್ಮ ಗುಂಪು, ತಮ್ಮ ವೇದಿಕೆ, ತಮ್ಮದೇ ಕೇಳುಗರು ಇದ್ದುದರಿಂದ ಗೇಥರ್ ಯಾರ ಒಪ್ಪಿಗೆಗೂ ಕಾಯಬೇಕಿರಲಿಲ್ಲ. ಅಂಥ ಗೆಳೆಯ ಇಲ್ಲದ, ಅಷ್ಟು ಹೆಸರೂ ಮಾಡದ, ಸಣ್ಣ ಊರಿನ ಚರ್ಚ್‌ಗಳಲ್ಲಿ ಹಾಡಿಕೊಂಡಿದ್ದ ಗಾಯಕ ಎಡವಿದರೆ ಯಾರ ಮನೆ ಕದ ತಟ್ಟಬೇಕು? ಜಗಳ ಆಗಬೇಕಾದ್ದು ಈ ಪ್ರಶ್ನೆಯ ಬಗ್ಗೆ ಅಲ್ವಾ?