ಮೂರನೇ ಮಳೆಗಾಲದಲ್ಲಿ ಯಾರೂ ಕೇಳುವುದಿಲ್ಲ

ತೂಕ ಇಳಿಸುವ ಆಪರೇಷನ್ ಆದ ಮೊದಲ ವರ್ಷ ಅಕ್ಕನಿಗೆ ಕಾರವಾರದ ಮೀನು ಮಾರ್ಕೆಟ್ಟಿಗೆ ಹೋಗುವುದೆಂದರೆ ಖುಷಿ. ಬುಟ್ಟಿಯ ಹಿಂದೆ ಕೂತವರು "ಅಯ್ಯೋ ಬಾಯೀ, ಅರ್ಧ ಆಗಿದ್ದೀಯಲ್ಲ!" ಎನ್ನುತ್ತಿದ್ದರು. ಟೈಲರ್ ಬ್ಲೌಸ್ ಚಿಕ್ಕದು ಮಾಡಿ ಮಾಡಿ ಸಾಕಾಗಿ, ಹೊಸದೇ ಹೊಲಿಸಿ ಅಂದಿದ್ದ. ಎರಡನೇ ವರ್ಷ ಕೇಳುವವರು ಕಡಿಮೆಯಾದರು. ಮೂರನೇ ಮಳೆಗಾಲ ಬರುವ ಹೊತ್ತಿಗೆ ಯಾರೂ ಕೇಳಲಿಲ್ಲ. ಜನರ ಕಣ್ಣಿಗೆ ಅವಳು ಮೊದಲಿಂದಲೂ ಹೀಗೇ ಇದ್ದವಳು. ಅದೇ ಮಳೆಗಾಲದಲ್ಲಿ ತೂಕ 4 ಕೆಜಿ ಏರಿತು.

"ನಂಗೆ ಮೊದಲಿನ ಹುರುಪೇ ಇಲ್ಲ ಮಾರಾಯ್ತಿ" ಅಂದಳು.

ಈ ಮಾತನ್ನು ಕೇಳಿದವರು ಸಾಮಾನ್ಯವಾಗಿ ಬುದ್ಧಿ ಹೇಳುತ್ತಾರೆ. "ಮನಸ್ಸು ಗಟ್ಟಿ ಮಾಡು, ಇಷ್ಟು ದುಡ್ಡು ಸುರಿದಿದ್ದೀಯ" ಅಂತ. ನಾನೂ ಹೇಳಿದ್ದೆ, ಸುಳ್ಳು ಯಾಕೆ. ಆಮೇಲೆ ಈ ಆಪರೇಷನ್ ಒಳಗೆ ಏನು ಮಾಡುತ್ತದೆ ಅಂತ ಓದುತ್ತಾ ಹೋದಾಗ ನಾಚಿಕೆಯಾಯಿತು. ಅವಳ ಹುರುಪು ಕಡಿಮೆಯಾದದ್ದು ಬರೀ ಮನಸ್ಸಿನ ಸಂಗತಿ ಆಗಿರಲಿಲ್ಲ.

ಅಕ್ಕ ಮಾಡಿಸಿಕೊಂಡದ್ದು ಸ್ಲೀವ್ ಆಪರೇಷನ್. ಊರಲ್ಲಿ ಇದಕ್ಕೆ 'ಹೊಟ್ಟೆ ಕಟ್ ಮಾಡಿಸೋದು' ಅಂತಲೇ ಹೆಸರು, ಅದು ತಪ್ಪೂ ಅಲ್ಲ. ಜಠರದ ಮುಕ್ಕಾಲು ಪಾಲಿಗೂ ಜಾಸ್ತಿ ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಇನ್ನೊಂದು ಬಗೆ ಗ್ಯಾಸ್ಟ್ರಿಕ್ ಬೈಪಾಸ್. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಮೊಟ್ಟೆಯಷ್ಟು ಚಿಕ್ಕ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. (ಬೈಪಾಸ್ ಅಂದ ಕೂಡಲೇ ಪಕ್ಕದ ಮನೆಯವರು ಹಾರ್ಟ್ ಅಂದುಕೊಂಡು ಹಣ್ಣು ಹಿಡಿದು ಬರುತ್ತಾರೆ, ಅದು ಬೇರೆ ಕಥೆ.)

ಚಿಕ್ಕ ಹೊಟ್ಟೆ, ಹಾಗಾಗಿ ಕಡಿಮೆ ಊಟ. ಇಷ್ಟೇ ಅಂತ ನಾನು ತಿಳಿದಿದ್ದೆ. ಅಸಲು ಆಟ ಹಾರ್ಮೋನುಗಳದ್ದು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಹೊಟ್ಟೆ ಖಾಲಿಯಾದಾಗ ಮೆದುಳಿಗೆ ಹೋಗಿ 'ಹಸಿವು, ಹಸಿವು' ಎಂದು ಬಾಗಿಲು ಬಡಿಯುವುದು ಇದೇ. ಇದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬು ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದು ಆ ಭಾಗವನ್ನೇ. ಜೊತೆಗೆ ಊಟ ಬೇಗ ಕರುಳಿಗೆ ಇಳಿಯುವುದರಿಂದ 'ಸಾಕು' ಎಂದು ಹೇಳುವ ಜಿಎಲ್‌ಪಿ-1ರಂಥ ಹಾರ್ಮೋನುಗಳು ಜೋರಾಗಿ ಹೊರಬರುತ್ತವೆ. ಒಂದು ಕಡೆ ಬಾಗಿಲು ಬಡಿಯುವವನಿಲ್ಲ, ಇನ್ನೊಂದು ಕಡೆ ಸಾಕು ಸಾಕು ಎನ್ನುವವರು ಜಾಸ್ತಿ. ಮೊದಲ ವರ್ಷ ಅಕ್ಕ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಅದನ್ನು ನಾವು ಅವಳ ಛಲ ಅಂತ ಹೊಗಳಿದೆವು. ಅವಳೂ ಹಾಗೇ ನಂಬಿದಳು.

ಡಾಕ್ಟರುಗಳು ಈ ಮೊದಲ ಒಂದು, ಒಂದೂವರೆ ವರ್ಷವನ್ನು ಹನಿಮೂನ್ ಎಂದು ಕರೆಯುತ್ತಾರೆ. ಆಮೇಲೆ ಹಸಿವು ಮೆಲ್ಲಗೆ ಮರಳುತ್ತದೆ. ಒಂದು ಹೊತ್ತಿಗೆ ಹಿಡಿಸುವ ಊಟವೂ ಸ್ವಲ್ಪ ಹೆಚ್ಚುತ್ತದೆ. ಇನ್ನೊಂದು ವಿಚಿತ್ರ ಇದೆ. ತೂಕ ಇಳಿದ ಮೈಗೆ ಕಡಿಮೆ ಶಕ್ತಿ ಸಾಕು. ಚಿಕ್ಕ ದೋಣಿಗೆ ಕಡಿಮೆ ಡೀಸೆಲ್ ಸಾಕಾದ ಹಾಗೆ. ಮೊದಲು ತೂಕ ಇಳಿಸುತ್ತಿದ್ದ ಊಟವೇ ಈಗ ತೂಕವನ್ನು ಇದ್ದಲ್ಲೇ ನಿಲ್ಲಿಸುತ್ತದೆ, ಸ್ವಲ್ಪ ಮಿಕ್ಕಿದರೆ ಏರಿಸುತ್ತದೆ. ಹಸಿವು ಬರುವುದು, ತೂಕ ನಿಲ್ಲುವುದು, ಮಾರ್ಕೆಟ್ಟಿನ ಹೊಗಳಿಕೆ ಮುಗಿಯುವುದು, ಈ ಮೂರೂ ಸರಿಯಾಗಿ ಒಂದೇ ಹೊತ್ತಿಗೆ ಬರುತ್ತವೆ. ಎಂಥ ಗಟ್ಟಿ ಮನಸ್ಸೂ ಅಲ್ಲಾಡದೆ ಇರುತ್ತಾ?

ಇದು ಅಕ್ಕನೊಬ್ಬಳ ಪಾಡಲ್ಲ. ಸ್ವೀಡನ್ನಿನಲ್ಲಿ 1987ರಿಂದ ಸುಮಾರು 4 ಸಾವಿರ ಜನರನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನವಿದೆ. ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡವರು, ಉಳಿದವರು ಮಾಡಿಸಿಕೊಳ್ಳದವರು. ಬೈಪಾಸ್ ಆದವರು ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿದರು. 10 ವರ್ಷದ ಹೊತ್ತಿಗೆ ಅದು ಶೇ. 25ಕ್ಕೆ ಬಂದು ನಿಂತಿತ್ತು. ಅಂದರೆ 100 ಕೆಜಿ ಇದ್ದವರು 68ಕ್ಕೆ ಇಳಿದು, ಕೊನೆಗೆ 75ರ ಸುತ್ತ ನಿಂತರು. ಆಪರೇಷನ್ ಆದ ಗುಂಪಿನಲ್ಲಿ ಸಾವೂ ಕಡಿಮೆಯಿತ್ತು. ಈ ಲೆಕ್ಕ ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ "ಹಂಗಾದ್ರೆ ನಾನು ಫೇಲ್ ಆಗಿಲ್ಲ" ಅಂದಳು. ಅವಳಿಗೆ ಬೇಕಿದ್ದದ್ದು ಬುದ್ಧಿಮಾತಿಗಿಂತ ಈ ಲೆಕ್ಕವೇ ಇರಬೇಕು.

ಸ್ವಲ್ಪ ಏರುವುದು ಸಹಜ ಅಂತ ಸುಮ್ನೆ ಬಿಟ್ಟರೆ ಮಾತ್ರ ಅದು ಸ್ವಲ್ಪದಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಊಟದ ಕಡೆ ನೋಡೋಣ. ಕರಾವಳಿಯವರಿಗೆ ಇಲ್ಲೊಂದು ಗುಟ್ಟಿನ ಹಳ್ಳವಿದೆ.

ಆ ಹಳ್ಳದ ಹೆಸರು ಗಂಜಿ. ನಮ್ಮಲ್ಲಿ ಮೈಗೆ ಹುಷಾರಿಲ್ಲದಿದ್ದರೆ ಗಂಜಿ, ಸೆಕೆಗೆ ಗಂಜಿ, ಮಳೆಗೂ ಗಂಜಿ. ಆಪರೇಷನ್ ಆದ ಶುರುವಿನಲ್ಲಿ ತೆಳು ಊಟವೇ ಬೇಕು, ನಿಜ. ಆದರೆ ವರ್ಷ ಕಳೆದ ಮೇಲೆ ಇದೇ ಕೈಕೊಡುತ್ತದೆ. ಕೊಳವೆಯಂಥ ಹೊಟ್ಟೆಯಲ್ಲಿ ಗಟ್ಟಿ ಊಟ ಸ್ವಲ್ಪ ಹೊತ್ತು ನಿಲ್ಲುತ್ತದೆ, ಗೋಡೆಯನ್ನು ಹಿಗ್ಗಿಸುತ್ತದೆ, ತುಂಬಿತು ಎಂಬ ಸುದ್ದಿ ಮೆದುಳಿಗೆ ಹೋಗುತ್ತದೆ. ತೆಳು ಊಟ ನಿಲ್ಲುವುದೇ ಇಲ್ಲ, ಜಾರಿಕೊಂಡು ಹೋಗುತ್ತದೆ. ಒಂದು ಬಟ್ಟಲು ಗಂಜಿ ಜಾರಿತು, ಅರ್ಧ ಗಂಟೆಯಲ್ಲಿ ಇನ್ನೊಂದು. ಊಟದ ಜೊತೆ ನೀರು ಕುಡಿಯಬೇಡಿ, ಅರ್ಧ ಗಂಟೆ ತಡೆಯಿರಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. ಅನ್ನಕ್ಕೆ ತಂಬುಳಿ ಸುರಿದುಕೊಂಡು ಸುರ್ ಅಂತ ಉಂಡರೆ ನಿಯಮ ಮುರಿದದ್ದು ಗೊತ್ತೇ ಆಗುವುದಿಲ್ಲ. ತಂಬುಳಿ ಬೇಕಾದರೆ ಊಟಕ್ಕೆ ಮೊದಲೇ, ಬೇರೆಯಾಗಿ, ಗುಟುಕು ಗುಟುಕಾಗಿ ಕುಡಿಯಲಿ.

ಜಾರುವ ತಿಂಡಿಗಳ ರಾಜ ಅಂದರೆ ಶಿರಸಿ ಕಡೆಯ ತೊಡದೇವು. ಕಾಗದದಷ್ಟು ತೆಳ್ಳಗೆ, ಬಾಯಲ್ಲಿಟ್ಟರೆ ಕರಗುತ್ತದೆ. ಹಿಡಿಯಷ್ಟು ಮೀನು ತಿನ್ನಲಾಗದ ಹೊಟ್ಟೆ ಅರ್ಧ ಡಬ್ಬಿ ತೊಡದೇವನ್ನು ಲೆಕ್ಕವಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಬೈಪಾಸ್ ಆದವರಿಗಂತೂ ಇಂಥ ಸಿಹಿಯಿಂದ ಬೆವರು, ಎದೆ ಡವಡವ, ತಲೆಸುತ್ತು ಬರಬಹುದು. ಸಕ್ಕರೆ ದಢಕ್ಕನೆ ಕರುಳಿಗೆ ಬೀಳುವುದರ ಫಲ ಅದು. ಸಕ್ಕರೆ ಸುರಿದ ಕೋಕಂ ಶರಬತ್ತಿಗೂ ಇದೇ ಮಾತು.

ಮೊದಲು ಪ್ರೋಟೀನ್ ತಿನ್ನಿ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಇದು ಎಲ್ಲ ಡಯಟಿಷಿಯನ್ನರ ಮಂತ್ರ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಬೇಕು. ಬಂಗಡೆಯ 100 ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಸಿಗುತ್ತದೆ, ಒಂದು ಮೊಟ್ಟೆಯಲ್ಲಿ 6. ಹಾಗಾದರೆ ಕಾರವಾರದವರಿಗೆ ಏನು ಕಷ್ಟ ಅಂತೀರಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ತಾಜಾ ಮೀನು ಕಡಿಮೆ, ಇದ್ದದ್ದಕ್ಕೆ ಬೆಂಕಿ ರೇಟು. ಮನೆಯಲ್ಲಿ ಒಣಮೀನು ಮತ್ತು ಗಂಜಿ ಶುರು. ಒಣಮೀನಿನಲ್ಲಿ ಪ್ರೋಟೀನ್ ಇದೆ, ಆದರೆ ಉಪ್ಪೂ ಅಷ್ಟೇ ಇದೆ. ಅಕ್ಕನ 4 ಕೆಜಿಯ ಕಥೆ ಅರ್ಧ ಇಲ್ಲೇ ಇತ್ತು. ಈಗ ಮೇ ಕೊನೆಗೇ ಹೆಸರುಕಾಳು, ಕಡಲೆ, ಮೊಟ್ಟೆಯ ಲೆಕ್ಕ ಹಾಕಿಟ್ಟುಕೊಳ್ಳುತ್ತಾಳೆ.

ವಿಟಮಿನ್ ಮಾತ್ರೆಗಳ ವಿಷಯದಲ್ಲಿ ಅವಳದು ಒಂದು ವಾದ ಇತ್ತು. "ಬೆಳಚು ತಿಂತೀನಲ್ಲ, ಬಿ12 ಅದರಲ್ಲೇ ಬೇಕಾದಷ್ಟಿದೆ." ಬೆಳಚು ಎಂಬ ಈ ಚಿಪ್ಪುಮೀನಿನಲ್ಲಿ ಬಿ12 ತುಂಬಿದೆ ಅನ್ನುವುದು ಸರಿಯೇ. ಆದರೆ ಅದು ಮೈಗೆ ಹತ್ತಬೇಕಾದರೆ ಜಠರದಲ್ಲಿ ತಯಾರಾಗುವ ಒಂದು ಪ್ರೋಟೀನಿನ ಕೈ ಹಿಡಿದುಕೊಂಡೇ ಹೋಗಬೇಕು. ಜಠರವನ್ನೇ ಕತ್ತರಿಸಿದ ಮೇಲೆ ಕೈ ಹಿಡಿಯುವವರೂ ಕಡಿಮೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ರಕ್ತಪರೀಕ್ಷೆಯೂ ಆಗುತ್ತಿರಬೇಕು. ಸಸ್ಯಾಹಾರಿಗಳಿಗಂತೂ ಇದು ಇನ್ನೂ ಮುಖ್ಯ. ಮೂರನೆಯ ವರ್ಷದ 'ಹುರುಪಿಲ್ಲ'ದಲ್ಲಿ ಎಷ್ಟೋ ಸಲ ರಕ್ತಹೀನತೆ ಅಡಗಿರುತ್ತದೆ. ಸುಸ್ತಾದ ಮೈಯನ್ನು ಸೋಮಾರಿ ಮನಸ್ಸು ಅಂದುಕೊಂಡು ಬೈಯುವುದು ಎಂಥ ಅನ್ಯಾಯ!

ಗೋವಾ ಹತ್ತಿರ ಇರುವ ಊರಿನವರಾದ್ದರಿಂದ ಒಂದು ಮಾತು. ಬೈಪಾಸ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಸ್ವಲ್ಪಕ್ಕೇ ಏರುತ್ತದೆ. ಕೆಲವರಿಗೆ ಊಟದ ಚಟ ಹೋಗಿ ಇದರ ಚಟ ಹತ್ತಿದ್ದೂ ಇದೆ.

ಇನ್ನು ವ್ಯಾಯಾಮ. ತೂಕ ಇಳಿಸುವ ಕೆಲಸ ಹೆಚ್ಚಾಗಿ ಆಪರೇಷನ್ ಮತ್ತು ಊಟದ್ದು. ಇಳಿದದ್ದನ್ನು ಹಿಡಿದಿಡುವುದಕ್ಕೆ ನಡಿಗೆ ಬೇಕು. ಅಮೆರಿಕದಲ್ಲಿ ತೂಕ ಇಳಿಸಿ ಉಳಿಸಿಕೊಂಡವರ ಒಂದು ದಾಖಲೆಯನ್ನು 1994ರಿಂದ ಇಡುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದುಡಿಸುವವರು, ಹೆಚ್ಚಾಗಿ ನಡಿಗೆಯಲ್ಲೇ. ವಾರಕ್ಕೆ ಒಮ್ಮೆಯಾದರೂ ತೂಕ ನೋಡುವವರು ಮುಕ್ಕಾಲು ಪಾಲು. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ, ಅದಕ್ಕಾಗಿ ವಾರಕ್ಕೆ ಎರಡು ಸಲ ಭಾರ ಎತ್ತುವ ಕೆಲಸವೂ ಇರಲಿ. ಜಿಮ್ ಬೇಡ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು ಸಾಕು.

ನವೆಂಬರಿನಲ್ಲಿ ಟಾಗೋರ್ ಬೀಚಿನಲ್ಲಿ ನಡೆಯಲು ಯಾರಿಗೂ ಹುರುಪು ಬೇಕಿಲ್ಲ. ಸಂಜೆ ಗಾಳಿಯೇ ಎಳೆದುಕೊಂಡು ಹೋಗುತ್ತದೆ. ಪ್ರಶ್ನೆ ಇರುವುದು ಜುಲೈನದ್ದು. ವರ್ಷಕ್ಕೆ 3 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ, ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವಾಗ, 'ಮಳೆ ನಿಂತ ಮೇಲೆ ಹೋಗ್ತೀನಿ' ಅಂದರೆ ಅದು ದಸರಾಕ್ಕೇ ಆಗುವುದು.

ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನ ಇಲ್ಲಿ ಉಪಯೋಗಕ್ಕೆ ಬಂತು. 2010ರಲ್ಲಿ ಪ್ರಕಟವಾದದ್ದು. 96 ಜನ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಂಡು, ದಿನಾ ಒಂದೇ ಸಂದರ್ಭಕ್ಕೆ ಅದನ್ನು ಕಟ್ಟಿದರು. ತಿಂಡಿ ಆದ ಮೇಲೆ ಇದು, ರಾತ್ರಿ ಊಟಕ್ಕೆ ಮೊದಲು ಅದು, ಹೀಗೆ. ಯೋಚಿಸದೆ ತಾನಾಗಿಯೇ ಮಾಡುವ ಹಂತಕ್ಕೆ ಬರಲು ನಡುಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254ರವರೆಗೂ ಬೇಕಾದೀತೆಂದು ಅಂದಾಜು. ನೀರು ಕುಡಿಯುವಂಥದ್ದಕ್ಕಿಂತ ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗಲಿಲ್ಲ. ನಾವು ಒಂದು ದಿನ ತಪ್ಪಿದ ಕೂಡಲೇ 'ಹೋಯ್ತು, ಇನ್ನು ಸೋಮವಾರದಿಂದ' ಅಂತೀವಲ್ಲ, ಕೆಡಿಸುವುದು ಆ ಸೋಮವಾರವೇ.

ಅಕ್ಕ ನಡಿಗೆಯನ್ನು ಚಹಾಕ್ಕೆ ಕಟ್ಟಿದಳು. ಬೆಳಗಿನ ಚಹಾ ಲೋಟ ತೊಳೆದಿಟ್ಟ ಕೂಡಲೇ ಜಗಲಿಯ ಆ ತುದಿಯಿಂದ ಈ ತುದಿಗೆ, ರೇಡಿಯೋ ಮುಗಿಯುವವರೆಗೆ. ಮಳೆ ಇರಲಿ ಬಿಡಲಿ. ಭಾವ ಮೊದಮೊದಲು ನಗುತ್ತಿದ್ದರು. ಈಗ ದಾರಿಗೆ ಅಡ್ಡವಾಗಿದ್ದ ಒಣ ತೆಂಗಿನಕಾಯಿ ರಾಶಿಯನ್ನು ಅವರೇ ತೆಗೆದಿಟ್ಟಿದ್ದಾರೆ. ತೊಡದೇವಿನ ಡಬ್ಬಿ ಅಟ್ಟ ಸೇರಿದೆ. ಏಣಿ ಹಾಕಿ ಹತ್ತುವಷ್ಟು ಆಸೆಯಾದರೆ ತಿನ್ನಲಿ ಅಂತ ಅವಳೇ ಮಾಡಿಕೊಂಡ ಕಾನೂನು.

ಏರಿದ 4 ಕೆಜಿಯಲ್ಲಿ ಎರಡೂವರೆ ಇಳಿಯಿತು. ಒಂದೂವರೆ ಉಳಿಯಿತು. ಹುಬ್ಬಳ್ಳಿಯ ಡಾಕ್ಟರು ಅದರ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಅಷ್ಟು ದೂರ ಮತ್ತೆ ಹೋಗಿ ತೂಕ ಏರಿದ್ದನ್ನು ಹೇಳಲು ನಾಚಿಕೆಯಾಗಿ ಅವಳು ಒಂದು ಚೆಕಪ್ ತಪ್ಪಿಸಿದ್ದಳು, ಅದಕ್ಕೆ ಮಾತ್ರ ಬೈದರು. ತೂಕ ಜಾಸ್ತಿ ಮರಳಿದರೆ ಈಗ ಔಷಧಿಗಳೂ ಇವೆ, ಬಂದು ಹೇಳದಿದ್ದರೆ ಕೊಡುವುದು ಯಾರಿಗೆ ಅಂದರಂತೆ. ಈಗ ಭಾನುವಾರ ಬೆಳಿಗ್ಗೆ ತೂಕ ನೋಡುತ್ತಾಳೆ. 3 ಕೆಜಿ ಏರಿತೋ, ಡಯಟಿಷಿಯನ್‌ಗೆ ಫೋನ್. ಆ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ, ಗ್ಯಾಸ್ ಬುಕ್ ಮಾಡುವ ನಂಬರಿನ ಕೆಳಗೆ.